ಡಿ.ಎನ್. ರೋಡಿನ ಕಲ್ಲಿನ ಜಗಲಿ

36 ವರ್ಷ ನಾನು ಡಿ.ಎನ್. ರೋಡಿನಲ್ಲಿ ನಡೆದಿದ್ದೇನೆ. 1983ರಲ್ಲಿ ಕೆಲಸಕ್ಕೆ ಸೇರಿದ ದಿನದಿಂದ 2019ರಲ್ಲಿ ನಿವೃತ್ತನಾದ ದಿನದವರೆಗೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ವಿ.ಟಿ.ಯಲ್ಲಿ ಇಳಿಯುವುದು, ಸಬ್‌ವೇಯ ಗದ್ದಲದಲ್ಲಿ ನುಸುಳಿ ಆಚೆ ಬದಿಗೆ ಹತ್ತುವುದು, ಅಲ್ಲಿಂದ ಕಮಾನುಗಳ ಕೆಳಗೆ ದಕ್ಷಿಣಕ್ಕೆ ಹತ್ತು ನಿಮಿಷ ನಡೆಯುವುದು. ಸಂಜೆ ಅದೇ ದಾರಿ, ಹಿಂದುಮುಂದಾಗಿ. ಲೆಕ್ಕ ಹಾಕಿದರೆ ಊರಿಗೆ ಎಷ್ಟೋ ಸಲ ನಡೆದೇ ಹೋಗಿ ಬಂದಷ್ಟು ದೂರವಾದೀತು.

ಇಷ್ಟಾಗಿಯೂ ಕಳೆದ ವರ್ಷ ತಂಗಿಯ ಮಗಳು ಒಂದು ಪ್ರಶ್ನೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಪುಣೆಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಹಳೆಯ ಕಟ್ಟಡವೊಂದರ ಮುಂಭಾಗವನ್ನು ಅಳತೆ ತೆಗೆದು ಬಿಡಿಸಿ ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. ಅವಳು ಆರಿಸಿಕೊಂಡದ್ದು ನನ್ನ ಆಫೀಸು ಇದ್ದ ಕಟ್ಟಡವನ್ನು. ಮಾವನಿಗೆ ಪರಿಚಯದ ಜಾಗ, ವಾಚ್‌ಮನ್ ತಕರಾರು ಮಾಡಲಾರ ಎಂಬುದು ಅವಳ ಲೆಕ್ಕಾಚಾರ.

"ಮಾವ, ನೀವು ಇಷ್ಟು ವರ್ಷ ಇಲ್ಲೇ ಇದ್ದಿರಲ್ಲ, ಎರಡನೇ ಮಹಡಿಯ ಕಂಬಗಳ ತಲೆ ಹೇಗಿದೆ ಹೇಳಿ ನೋಡೋಣ."

ನಾನು ತಲೆ ಎತ್ತಿ ನೋಡಬೇಕಾಯಿತು. ಕುರಿಯ ಕೊಂಬಿನ ಹಾಗೆ ಎರಡೂ ಕಡೆ ಸುರುಳಿ ಸುತ್ತಿಕೊಂಡ ಕಲ್ಲು. ಅದರ ಮೇಲೊಂದು ತ್ರಿಕೋನ. ನನ್ನ ಕುರ್ಚಿ ಇದ್ದದ್ದು ಆ ಕಂಬದ ಹಿಂದಿನ ಕಿಟಕಿಯ ಪಕ್ಕದಲ್ಲಿಯೇ. ಒಳಗಿನಿಂದ ನನಗೆ ಕಾಣುತ್ತಿದ್ದದ್ದು ಪಾರಿವಾಳಗಳು ಮಾತ್ರ.

ಆ ದಿನ ಅವಳ ಟೇಪಿನ ಒಂದು ತುದಿ ಹಿಡಿದುಕೊಂಡು ನಿಂತಾಗ ಕಲಿತದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜತೆಗೆ ಇಷ್ಟು ವರ್ಷ ಯಾರಿಗೂ ಹೇಳದ ಒಂದು ವಿಷಯವನ್ನೂ.

ಕೋಟೆ ಒಡೆದು ಬಂದ ಬೀದಿ

ನಾವು ಮುಂಬಯಿಯವರು ದಿನಕ್ಕೆ ಹತ್ತು ಸಲ 'ಫೋರ್ಟ್' ಎನ್ನುತ್ತೇವೆ. ಕೋಟೆ ಎಲ್ಲಿದೆ ಎಂದು ಕೇಳಿದರೆ ತೋರಿಸುವುದಕ್ಕೆ ಏನೂ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯವರು ಕಟ್ಟಿದ ಆ ಕೋಟೆಗೆ ಅಪೋಲೋ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳಿದ್ದವು. ಚರ್ಚ್ ಗೇಟ್ ಇದ್ದದ್ದು ಇವತ್ತಿನ ಫ್ಲೋರಾ ಫೌಂಟನ್ ಹತ್ತಿರ. ನಮ್ಮ ಪಶ್ಚಿಮ ರೈಲ್ವೆಯ ಸ್ಟೇಷನ್ನಿಗೆ ಆ ಬಾಗಿಲಿನ ಹೆಸರು ಮಾತ್ರ ಉಳಿದುಕೊಂಡಿದೆ. ಗೋಡೆಯೊಳಗೆ ಜನ ಕಿಕ್ಕಿರಿದಿದ್ದರು. 1803ರಲ್ಲಿ ದೊಡ್ಡ ಬೆಂಕಿ ಬಿದ್ದು ಕೋಟೆಯೊಳಗಿನ ಮನೆಗಳ ದೊಡ್ಡ ಭಾಗ ಸುಟ್ಟುಹೋಯಿತು. ಗೋಡೆಗಳು ಮಾತ್ರ ಮತ್ತೂ ಅರವತ್ತು ವರ್ಷ ನಿಂತಿದ್ದವು.

1862ರಲ್ಲಿ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರೇರ್ ಅವರ ಕಾಲದಲ್ಲಿ ಆ ಗೋಡೆಗಳನ್ನು ಕೆಡವಲಾಯಿತು. ಹೆದರಿಕೊಳ್ಳಲು ಶತ್ರುಗಳಿರಲಿಲ್ಲ, ಖರ್ಚು ಮಾಡಲು ಹಣವಿತ್ತು. ಆ ಹಣದ ಹಿಂದೆ ನಮ್ಮ ನೆಲದ ಪಾಲೂ ಇತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ದಕ್ಷಿಣ ರಾಜ್ಯಗಳ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ನಿಂತುಹೋಯಿತು. ಗಿರಣಿಗಳು ಹಿಂದುಸ್ತಾನದ ಹತ್ತಿಗೆ ಕೈಚಾಚಿದವು. ಧಾರವಾಡ ಸೀಮೆಯ ಕಪ್ಪು ಮಣ್ಣಿನ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಮುಂಬಯಿಯ ಹತ್ತಿ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು. ಬೆಳೆದವರು ಧಾರವಾಡದವರು, ಹೆಸರು ಬಂದರಿನದು, ಲಾಭ ಮುಂಬಯಿಯ ದಲ್ಲಾಳಿಗಳದು. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಬಿತ್ತು, ಬ್ಯಾಂಕುಗಳು ಮುಳುಗಿದವು, ಎಷ್ಟೋ ಶ್ರೀಮಂತರು ಒಂದೇ ವರ್ಷದಲ್ಲಿ ದಿವಾಳಿಯಾದರು. ಒಡೆದ ಗೋಡೆ ಮಾತ್ರ ಮತ್ತೆ ಏಳಲಿಲ್ಲ. ತೆರವಾದ ಜಾಗದಲ್ಲಿ ಹೊಸ ಮುಂಬಯಿ ಎದ್ದಿತು.

ಇಕ್ಕಟ್ಟಿನ ಓಣಿಯಾಗಿದ್ದ ಹಾರ್ನ್‌ಬಿ ರೋಡ್ ಆಗಲೇ ಅಗಲವಾದದ್ದು. 1771ರಿಂದ 1784ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರು ಅದು. ಸ್ವಾತಂತ್ರ್ಯ ಬಂದ ಮೇಲೆ ಅದಕ್ಕೆ ದಾದಾಭಾಯಿ ನವರೋಜಿಯವರ ಹೆಸರಿಟ್ಟರು. ಈ ದೇಶದ ಸಂಪತ್ತು ಹೇಗೆ ಸೋರಿ ಇಂಗ್ಲೆಂಡಿಗೆ ಹೋಗುತ್ತಿದೆ ಎಂದು ಅಂಕಿ ಅಂಶ ಸಮೇತ ತೋರಿಸಿದವರು ಅವರು. 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೇ ಆರಿಸಿ ಹೋಗಿ ಅಲ್ಲಿ ಕುಳಿತು ಮಾತಾಡಿದವರು. ಹತ್ತಿಯ ಹಣದ ಬೆನ್ನಿಗೆ ಬೆಳೆದ ಬೀದಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗುವುದು ಕಷ್ಟ. ರಸ್ತೆಯ ದಕ್ಷಿಣದ ತುದಿಯಲ್ಲಿ ಅವರ ಪ್ರತಿಮೆ ಇದೆ. ಅದರ ಎದುರು ನಾನು ಸಾವಿರಾರು ಸಲ ಹಾದುಹೋಗಿದ್ದೇನೆ, ನಿಂತು ನೋಡಿದ್ದು ಮಾತ್ರ ನಿವೃತ್ತನಾದ ಮೇಲೆ.

ಕಂಬ ಓದುವ ಪಾಠ

ಕಟ್ಟಡದ ಮುಖ ನೋಡಿ ಕುಲ ಹೇಳುವ ವಿದ್ಯೆಯನ್ನು ತಂಗಿಯ ಮಗಳು ಅರ್ಧ ಗಂಟೆಯಲ್ಲಿ ಕಲಿಸಿಕೊಟ್ಟಳು. ನಿಮಗೂ ಉಪಯೋಗವಾದೀತು.

ಕಮಾನಿನ ತುದಿ ಚೂಪಾಗಿದ್ದರೆ, ಗೋಪುರಗಳು ಮೊನಚಾಗಿದ್ದರೆ, ಮೂಲೆಮೂಲೆಯಲ್ಲಿ ಪ್ರಾಣಿಪಕ್ಷಿಗಳ ಕೆತ್ತನೆ ಇದ್ದರೆ ಅದು ಗಾಥಿಕ್. ಯುರೋಪಿನ ಹಳೆಯ ಇಗರ್ಜಿಗಳ ಶೈಲಿ. ಕಮಾನು ಅರ್ಧಚಂದ್ರದಂತೆ ಗುಂಡಗಿದ್ದು, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಎಂಬ ಸಮತೋಲನವಿದ್ದು, ನೇರ ಕಂಬಗಳ ಸಾಲಿನ ಮೇಲೆ ತ್ರಿಕೋನದ ಮುಕುಟವಿದ್ದರೆ ಅದು ನಿಯೋಕ್ಲಾಸಿಕಲ್. ಗ್ರೀಕರ ಮತ್ತು ರೋಮನ್ನರ ದೇವಾಲಯಗಳನ್ನು ನೋಡಿ ಹದಿನೆಂಟನೇ ಶತಮಾನದ ಯುರೋಪು ಮತ್ತೆ ಕಟ್ಟಲು ಕಲಿತ ರೀತಿ. ಕಂಬದ ತಲೆ ಸಾದಾ ತಟ್ಟೆಯಂತಿದ್ದರೆ ಡೋರಿಕ್, ಸುರುಳಿ ಇದ್ದರೆ ಅಯೋನಿಕ್, ಎಲೆಗಳ ಗೊಂಚಲಿದ್ದರೆ ಕೊರಿಂಥಿಯನ್.

ಮುಂಬಯಿಯಲ್ಲಿ ಮೊದಲು ಬಂದದ್ದು ಈ ಗ್ರೀಕ್ ಕಂಬಗಳೇ. 1833ರಲ್ಲಿ ಮುಗಿದ ಟೌನ್ ಹಾಲ್, ಅಂದರೆ ನಾವು ಏಷ್ಯಾಟಿಕ್ ಲೈಬ್ರರಿ ಎನ್ನುವ ಕಟ್ಟಡ, ದಪ್ಪ ಡೋರಿಕ್ ಕಂಬಗಳ ಮೇಲೆ ನಿಂತಿದೆ. ಅದರ ಎದುರು ಅರ್ಧವೃತ್ತವಾಗಿ ನಿಂತಿರುವ ಹಾರ್ನಿಮನ್ ಸರ್ಕಲಿನ ಕಟ್ಟಡಗಳೂ ಅದೇ ಕುಲದವು. 1872ರ ಹೊತ್ತಿಗೆ ಮುಗಿದ ಆ ಸರ್ಕಲ್ಲಿನ ಕಟ್ಟಡಗಳ ಕೆಳಗೂ ಕಮಾನುಗಳ ಓಣಿ ಇದೆ. ಆಮೇಲೆ ಗಾಥಿಕ್ ಅಲೆ ಎದ್ದಿತು. ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬ ಎಂಜಿನಿಯರ್ 1878ರಲ್ಲಿ ವಿ.ಟಿ. ಸ್ಟೇಷನ್ನಿನ ಕೆಲಸ ಶುರುಮಾಡಿ ಹತ್ತು ವರ್ಷದಲ್ಲಿ ಮುಗಿಸಿದ. ಎದುರಿನ ಮುನಿಸಿಪಾಲಿಟಿ ಕಟ್ಟಡವೂ ಅವನದೇ, 1893ರದ್ದು. ಶತಮಾನ ತಿರುಗುವ ಹೊತ್ತಿಗೆ ಗಾಥಿಕ್ ಬೇಸರವಾಗಿ ಮತ್ತೆ ಕಂಬ ತ್ರಿಕೋನಗಳ ಕಡೆ ವಾಲಿದರು.

ಡಿ.ಎನ್. ರೋಡಿನ ಪಶ್ಚಿಮ ಬದಿಯ ದೊಡ್ಡ ಕಟ್ಟಡಗಳು ಎದ್ದದ್ದು 1885ರಿಂದ 1919ರ ನಡುವೆ. ಹಾಗಾಗಿ ಒಂದೇ ಬೀದಿಯಲ್ಲಿ ಎಲ್ಲವೂ ಇದೆ. ಚೂಪು ಕಮಾನಿನ ಪಕ್ಕದಲ್ಲಿ ಗುಂಡು ಕಮಾನು, ಅದರ ಪಕ್ಕದಲ್ಲಿ ಗುಮ್ಮಟ. 1898ರ ಜೆ. ಎನ್. ಪೆಟಿಟ್ ಲೈಬ್ರರಿ ಗಾಥಿಕ್. ವಾಚಾ ಅಗಿಯಾರಿಯ ಬಾಗಿಲಲ್ಲಿ ಪ್ರಾಚೀನ ಇರಾನಿನ ರೆಕ್ಕೆಯ ಗೂಳಿಗಳು. ಒಂದು ಕಾಲಕ್ಕೆ ವೈಟ್‌ಅವೇ ಲೇಡ್ಲಾ ಎಂಬ ಇಂಗ್ಲಿಷ್ ಬಟ್ಟೆ ಅಂಗಡಿ ಇದ್ದ ಕಟ್ಟಡದಲ್ಲಿ ನಾವು ದಶಕಗಳ ಕಾಲ ಖಾದಿ ಕೊಂಡೆವು. ಇಷ್ಟು ಬಗೆಯ ಮುಖಗಳಿದ್ದೂ ಇದು ಸಂತೆಯಂತೆ ಕಾಣುವುದಿಲ್ಲ, ಒಂದೇ ಬೀದಿಯಂತೆ ಕಾಣುತ್ತದೆ. ಯಾಕೆ?

"ಮೇಲೆ ನೋಡಬೇಡಿ ಮಾವ, ಈಗ ಕೆಳಗೆ ನೋಡಿ" ಎಂದಳು ಹುಡುಗಿ.

1896ರ ಕಾನೂನು

ಕೆಳಗೆ ಇದ್ದದ್ದು ನಾನು 36 ವರ್ಷ ನಡೆದ ಕಲ್ಲಿನ ಓಣಿ. ಇಂಗ್ಲಿಷಿನಲ್ಲಿ ಅದಕ್ಕೆ ಆರ್ಕೇಡ್ ಎನ್ನುತ್ತಾರೆ. ಮೇಲಿನ ಮಹಡಿಗಳು ರಸ್ತೆಯ ಅಂಚಿನವರೆಗೂ ಚಾಚಿಕೊಂಡಿರುತ್ತವೆ. ನೆಲಮಹಡಿಯ ಅಂಗಡಿಗಳು ಮಾತ್ರ ಹಿಂದೆ ಸರಿದಿರುತ್ತವೆ. ನಡುವಿನ ಜಾಗದಲ್ಲಿ, ಕಮಾನುಗಳ ನೆರಳಿನಲ್ಲಿ ದಾರಿಹೋಕರು ನಡೆಯುತ್ತಾರೆ.

ಇದು ಮಾಲೀಕರ ಔದಾರ್ಯವಲ್ಲ, 1896ರ ಸರ್ಕಾರಿ ಕಟ್ಟಳೆ. ಈ ರಸ್ತೆಯಲ್ಲಿ ಕಟ್ಟುವವರು ಯಾವ ಶೈಲಿಯಲ್ಲಾದರೂ ಕಟ್ಟಲಿ, ನೆಲಮಹಡಿಯಲ್ಲಿ ಪಾದಚಾರಿಗಳಿಗೆ ಕಮಾನಿನ ಓಣಿ ಬಿಡಲೇಬೇಕು. ಬ್ಯಾಂಕಿನವನು ಬಿಟ್ಟ, ವಿಮಾ ಕಂಪನಿಯವನು ಬಿಟ್ಟ, ಸೂಟು ಹೊಲಿಯುವ ಸಾಹೇಬರ ಅಂಗಡಿಯವನೂ ಬಿಟ್ಟ. ಒಬ್ಬನ ಓಣಿ ಮುಗಿಯುವಲ್ಲಿ ಇನ್ನೊಬ್ಬನದು ಶುರುವಾಯಿತು. ಹೀಗೆ ಸೇರುತ್ತ ಹೋಗಿ ಬೀದಿಗೆ ಬೀದಿಯೇ ಒಂದು ಸೂರು ಪಡೆಯಿತು. ಮುಂಬಯಿಯ ಬಿಸಿಲು ಮತ್ತು ಮಳೆ ಗೊತ್ತಿರುವವರಿಗೆ ಅದರ ಬೆಲೆ ಹೇಳಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಹೊರಗೆ ಒಂದೇ ಸಮನೆ ಸುರಿಯುತ್ತಿರುವಾಗ ನಾನು ಕೊಡೆ ಮಡಚಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಸೂರು ಕಡಿದ ಕಡೆ ಮಾತ್ರ ಓಡಿ ದಾಟುವುದು.

ಕರಾವಳಿಯ ನಮಗೆ ಇದು ಹೊಸತೇನಲ್ಲ. ನಮ್ಮ ಮನೆಗಳಿಗೆ ಜಗಲಿ ಇರುತ್ತದೆ. ಮನೆ ಯಜಮಾನನದ್ದೇ, ಆದರೆ ಜಗಲಿಯಲ್ಲಿ ಬಂದು ಕುಳಿತವನನ್ನು ಏಳು ಎನ್ನುವ ಕ್ರಮವಿಲ್ಲ. ದಾರಿಯಲ್ಲಿ ಮಳೆ ಹಿಡಿದರೆ ಯಾರ ಜಗಲಿಯನ್ನಾದರೂ ಹತ್ತಿ ನಿಲ್ಲಬಹುದು. ನೀರು ಬೆಲ್ಲ ಕೊಟ್ಟರೆ ಅದು ಮರ್ಯಾದೆ, ಕೊಡದಿದ್ದರೂ ನಿಲ್ಲುವ ಹಕ್ಕು ಹೋಗುವುದಿಲ್ಲ. ಊರಲ್ಲಿ ರೂಢಿಯಾಗಿದ್ದದ್ದನ್ನು ಮುಂಬಯಿಯಲ್ಲಿ ಕಾನೂನು ಮಾಡಿಸಿತು, ಅಷ್ಟೇ ವ್ಯತ್ಯಾಸ. ಡಿ.ಎನ್. ರೋಡಿನ ಚೆಲುವು ಅದರ ಅಯೋನಿಕ್ ಕಂಬಗಳಲ್ಲಿಲ್ಲ, ಆ ಕಂಬಗಳ ಕೆಳಗೆ ಬಿಟ್ಟುಕೊಟ್ಟ ಜಾಗದಲ್ಲಿದೆ ಎಂದು ಈಗ ನನಗೆ ಅನ್ನಿಸುತ್ತದೆ.

ಅಪ್ಪ ತೋರಿಸಿದ ಕಂಬ

ಫೋರ್ಟಿನ ಓಣಿಗಳಿಗೂ ನಮ್ಮವರಿಗೂ ಇರುವ ನಂಟನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಫೀಸುಗಳಿದ್ದಲ್ಲಿ ಉಡುಪಿ ಹೋಟೆಲುಗಳಿದ್ದವು, ಹೋಟೆಲುಗಳಿದ್ದಲ್ಲಿ ಊರಿನ ಹುಡುಗರಿದ್ದರು. ಹಗಲು ಲೋಟ ತೊಳೆದು, ಮೇಜು ಒರೆಸಿ, ಸಂಜೆ ಕೈ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ ಹುಡುಗರು. ಆ ಶಾಲೆಗಳಲ್ಲಿ ಓದಿ ಬ್ಯಾಂಕ್ ಮ್ಯಾನೇಜರ್ ಆದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ನಮ್ಮ ನಡುವೆ ಎಷ್ಟೋ ಮಂದಿ. ಇದೇ ರಸ್ತೆಯಲ್ಲಿ ಡಾ. ಬಿ. ಆರ್. ಅಂಬೇಡ್ಕರರು 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜು ಕೂಡ ಇದೆ. ಬೆಳಿಗ್ಗೆ ಅಲ್ಲಿ ಕ್ಲಾಸು ಮುಗಿಸಿ ಹತ್ತು ಗಂಟೆಗೆ ಸರಿಯಾಗಿ ನಮ್ಮ ಆಫೀಸಿನ ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತಿದ್ದ ಸಹೋದ್ಯೋಗಿಗಳು ನನಗಿದ್ದರು.

ನನ್ನ ಅಪ್ಪ ಮುಂಬಯಿಗೆ ಬಂದದ್ದು 1948ರಲ್ಲಿ, 13ನೇ ವಯಸ್ಸಿಗೆ. ಉಡುಪಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತಿ, ಮುಂದೆ ರೈಲು ಹಿಡಿದು, ಪುಣೆ ದಾರಿಯಾಗಿ ಬೋರಿಬಂದರಿನಲ್ಲಿ ಇಳಿದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿ, ಕೊನೆಗೆ ಗುಮಾಸ್ತರಾಗಿ ನಿವೃತ್ತರಾದರು. ಇಷ್ಟು ನಮಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿದರೆ "ಅದೆಲ್ಲ ಆಗಿ ಹೋದದ್ದು" ಎಂದು ಪೇಪರು ಬಿಡಿಸುತ್ತಿದ್ದರು.

2004ರಲ್ಲಿ ವಿ.ಟಿ. ಸ್ಟೇಷನ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪೇಪರಿನಲ್ಲಿ ಅದನ್ನು ಓದಿದ ಅಪ್ಪ ಒಮ್ಮೆ ಫೋರ್ಟಿಗೆ ಹೋಗಿ ಬರೋಣ ಎಂದರು. ಆಗ ಅವರಿಗೆ 69. ಒಂದು ಭಾನುವಾರ ಕರೆದುಕೊಂಡು ಹೋದೆ. ಸ್ಟೇಷನ್ನಿನ ಗುಮ್ಮಟವನ್ನು ಒಂದು ನಿಮಿಷ ನೋಡಿ, "ಹ್ಞಾಂ, ಇದೇ" ಎಂದು ರಸ್ತೆ ದಾಟಿದರು. ಅವರಿಗೆ ಬೇಕಾಗಿದ್ದದ್ದು ಬೇರೆ. ಅಂಗಡಿಗಳು ಮುಚ್ಚಿದ್ದ ಕಮಾನುಗಳ ಕೆಳಗೆ ನಿಧಾನವಾಗಿ ನಡೆಯುತ್ತ ನಡೆಯುತ್ತ ಒಂದು ಕಂಬದ ಹತ್ತಿರ ನಿಂತರು. ಅಂಗೈಯಿಂದ ಅದನ್ನೊಮ್ಮೆ ತಟ್ಟಿದರು.

"ಇಲ್ಲಿ ಮಲಗುತ್ತಿದ್ದದ್ದು ಮಗಾ. ಎರಡು ಮಳೆಗಾಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಹೋಟೆಲು ಮುಚ್ಚಿದ ಮೇಲೆ ಒಳಗೆ ಮೇಜುಗಳ ಮೇಲೆ ಮಲಗುವುದು ಹಿರಿಯ ಸಪ್ಲಾಯರುಗಳ ಹಕ್ಕು. ನೆಲದಲ್ಲಿ ಅಡುಗೆಯವರು. ಹೊಸ ಮಾಣಿಗಳಿಗೆ ಒಲೆಯ ಮಗ್ಗುಲು, ಅಲ್ಲಿ ಕಾವು ಇಳಿಯುವಾಗ ಬೆಳಗಾಗುತ್ತಿತ್ತು. ಹಾಗಾಗಿ ಮೂರ್ನಾಲ್ಕು ಹುಡುಗರು ಚಾಪೆ ಸುತ್ತಿಕೊಂಡು ಇಲ್ಲಿಗೆ ಬರುತ್ತಿದ್ದರು. ಗೋಡೆಗೆ ಒತ್ತಿ ಮಲಗಿದರೆ ಇರಿಚಲು ತಾಗುತ್ತಿರಲಿಲ್ಲ. ಬೀದಿದೀಪದ ಬೆಳಕು ಬೀಳುವ ಕಮಾನು ಯಾವುದೆಂದು ಅವರಿಗೆ ಗೊತ್ತಿತ್ತು. ಪರೀಕ್ಷೆಯ ಹೊತ್ತಿಗೆ ಆ ಜಾಗ ಸರದಿಯ ಮೇಲೆ. ಬೆಳಿಗ್ಗೆ ಐದಕ್ಕೆ ಅಂಗಡಿಯ ಭಯ್ಯಾ ಗುಡಿಸಲು ಬರುವ ಮೊದಲೇ ಎದ್ದು ಹೋಗಬೇಕು. ಅವನು ಬೈದದ್ದು ನೆನಪಿಲ್ಲ ಎಂದರು ಅಪ್ಪ. ಪೊರಕೆಯ ಹಿಡಿಯಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದನಂತೆ, ಎಬ್ಬಿಸುವುದಕ್ಕೆ.

"ಊರಿಗೆ ಕಾಗದ ಬರೆಯುವಾಗ ಹೋಟೆಲಿನಲ್ಲಿ ರೂಮು ಕೊಟ್ಟಿದ್ದಾರೆ ಅಂತ ಬರೆದಿದ್ದೆ" ಎಂದು ನಕ್ಕರು.

ನಾನು ನಗಲಿಲ್ಲ. ಅಪ್ಪ ತಟ್ಟಿದ ಕಂಬ ನನ್ನ ಆಫೀಸಿನ ಕಟ್ಟಡದ್ದು. ಆ ಕಂಬದ ಎದುರು, ಗೋಡೆಯ ಉದ್ದಕ್ಕೂ, ಆರು ದೊಡ್ಡ ಸಿಮೆಂಟ್ ಹೂಕುಂಡಗಳಿದ್ದವು.

ಆರು ಹೂಕುಂಡಗಳು

ಆ ಕುಂಡಗಳ ಕಥೆ ಹೀಗೆ. 1997ರ ಮಳೆಗಾಲದಲ್ಲಿ ನಮ್ಮ ಕಮಾನುಗಳ ಕೆಳಗೆ ರಾತ್ರಿ ಮಲಗುವವರು ಹೆಚ್ಚಾಗಿದ್ದರು. ಬೆಳಿಗ್ಗೆ ಬೇಗ ಬರುವವರಿಗೆ ವಾಸನೆ, ಗಲೀಜು. ಮಹಿಳಾ ಸಹೋದ್ಯೋಗಿಗಳಿಗೆ ನಿಜವಾದ ತೊಂದರೆಯಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಕಮಾನುಗಳಿಗೆ ಕಬ್ಬಿಣದ ಗೇಟು ಹಾಕಿಸಿ ಎಂದು ಕಟ್ಟಡದ ಆಡಳಿತಕ್ಕೆ ಒಂದು ಅರ್ಜಿ ಹೋಯಿತು. ಅದನ್ನು ಬರೆದವನು ನಾನು. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿಸಿದ್ದರು. ಮಲಗುವವರನ್ನು ಅದರಲ್ಲಿ ಏನೆಂದು ಕರೆದಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯಲಾರೆ.

ಗೇಟು ಬರಲಿಲ್ಲ. 1995ರಲ್ಲಿ ಮುಂಬಯಿಯಲ್ಲಿ ಪರಂಪರೆಯ ಕಟ್ಟಡಗಳ ನಿಯಮಾವಳಿ ಜಾರಿಗೆ ಬಂದಿತ್ತು. ಡಿ.ಎನ್. ರೋಡಿನ ಬೀದಿಸಾಲು ಅದರಲ್ಲಿ ಎರಡನೇ ದರ್ಜೆಯ 'ಎ' ವರ್ಗದ್ದು. ಕಲ್ಲಿಗೆ ಮೊಳೆ ಹೊಡೆಯುವುದಕ್ಕೂ ಕೇಳಬೇಕು. ಆದರೆ ಹೂಕುಂಡ ಇಡುವುದಕ್ಕೆ ಯಾರನ್ನೂ ಕೇಳಬೇಕಿಲ್ಲ ಎಂದು ಯಾರಿಗೋ ಹೊಳೆಯಿತು. ಗೋಡೆಯ ಪಕ್ಕ, ಇರಿಚಲು ತಾಗದ ಜಾಗದಲ್ಲಿ, ಒಬ್ಬ ಮನುಷ್ಯ ಕಾಲು ಚಾಚಲಾರದಷ್ಟು ಅಂತರದಲ್ಲಿ ಆರು ಕುಂಡಗಳು ಬಂದವು. ಒಂದು ವಾರದಲ್ಲಿ ಮಲಗುವವರು ಕಾಣದಾದರು. ಎಲ್ಲಿಗೆ ಹೋದರು ಎಂದು ನಾವ್ಯಾರೂ ಕೇಳಲಿಲ್ಲ. ನನ್ನ ಅರ್ಜಿಯನ್ನು ಮೆಚ್ಚಿ ಚಹಾ ಕುಡಿಸಿದರು.

ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಆ ಭಾನುವಾರ ಅವರು ಒಂದು ಕುಂಡದ ಅಂಚಿನ ಮೇಲೆ ಕುಳಿತು ದಣಿವಾರಿಸಿಕೊಂಡರು. "ಗಿಡ ಇಟ್ಟಿದ್ದಾರೆ, ಒಳ್ಳೆಯದಾಯಿತು" ಎಂದರು. 2009ರಲ್ಲಿ ಅವರು ತೀರಿಕೊಂಡರು. ಐದು ವರ್ಷ ಸಮಯವಿತ್ತು. ಹೇಳಲಿಲ್ಲ.

ಯಾರ ಜಗಲಿ?

ಅಪ್ಪನನ್ನು ಕರೆದುಕೊಂಡು ಹೋದ ಆ ವರ್ಷ ಈ ಬೀದಿಗೂ ಒಳ್ಳೆಯ ಕಾಲ. 1990ರ ದಶಕದ ಕೊನೆಗೆ ಇಲ್ಲಿನ ಕಟ್ಟಡಗಳ ಮುಖವೇ ಕಾಣದ ಹಾಗೆ ಬೋರ್ಡುಗಳು ತುಂಬಿಕೊಂಡಿದ್ದವು. ಒಬ್ಬನ ಬೋರ್ಡಿಗಿಂತ ಇನ್ನೊಬ್ಬನದು ದೊಡ್ಡದು, ಕಮಾನಿಗೆ ಅಡ್ಡಲಾಗಿ ಹಲಗೆ, ಅದರ ಮೇಲೆ ಎ.ಸಿ. ಯಂತ್ರ. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರು ಬೀದಿಯನ್ನು ಅಧ್ಯಯನ ಮಾಡಿ, ಬೋರ್ಡು ಹೇಗಿರಬೇಕು, ಕಮಾನಿನೊಳಗೆ ಎಲ್ಲಿ ಕೂರಬೇಕು ಎಂಬ ಮಾದರಿ ಕೊಟ್ಟರು. ಅಂಗಡಿಯವರು, ಕಟ್ಟಡದವರು ಸೇರಿ ಹೆರಿಟೇಜ್ ಮೈಲ್ ಎಂಬ ಸಂಘ ಕಟ್ಟಿಕೊಂಡರು. ಬೋರ್ಡುಗಳು ಕುಗ್ಗಿದವು, ಕಮಾನುಗಳು ಮತ್ತೆ ಕಂಡವು. 2004ರಲ್ಲಿ ಈ ಕೆಲಸಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪುರಸ್ಕಾರವೂ ಸಿಕ್ಕಿತು.

ಕಲ್ಲಿನ ಮುಖ ಉಳಿಯಿತು. ಕೆಳಗಿನ ಜಗಲಿಯ ಜಗಳ ಮಾತ್ರ ಮುಗಿದಿಲ್ಲ. ವ್ಯಾಪಾರಿಗಳು ಬಟ್ಟೆ, ಚಾರ್ಜರ್, ಬೆಲ್ಟು ಹರಡಿಕೊಂಡರೆ ನಡೆಯುವವರಿಗೆ ಜಾಗವಿಲ್ಲ. ಅವರನ್ನು ಎಬ್ಬಿಸಿದರೆ ಅವರ ಹೊಟ್ಟೆಗಿಲ್ಲ. 2014ರಲ್ಲಿ ಬೀದಿ ವ್ಯಾಪಾರಿಗಳಿಗಾಗಿಯೇ ಕೇಂದ್ರದ ಕಾನೂನು ಬಂತು. ಆದರೂ ಪೊಲೀಸ್ ಗಾಡಿ ಬಂದಾಗ ಗಂಟು ಕಟ್ಟಿ ಓಡುವುದು, ಹೋದ ಮೇಲೆ ಮತ್ತೆ ಹರಡುವುದು ನಡೆದೇ ಇದೆ. ಇತ್ತ ಆಫೀಸುಗಳು ಒಂದೊಂದಾಗಿ ಬಾಂದ್ರಾ-ಕುರ್ಲಾ ಕಡೆಗೆ ಹೊರಟಿವೆ. ಅಲ್ಲಿನ ಗಾಜಿನ ಕಟ್ಟಡಗಳ ಮುಂದೆ ಮಳೆ ಬಂದರೆ ಹೊರಗಿನವನು ನಿಲ್ಲುವ ಜಾಗ ನನಗೆ ಕಾಣಲಿಲ್ಲ. ಕಾಂಪೌಂಡು, ಗೇಟು, ಗೇಟಿನಲ್ಲಿ ಗುರುತಿನ ಚೀಟಿ ಕೇಳುವವನು. ಅದೂ ನಗರವೇ, ಜಗಲಿ ಇಲ್ಲದ ನಗರ.

ಜಗಲಿಯನ್ನು ಯಾರಿಗೆ ಎಷ್ಟು ಬಿಡಬೇಕು ಎಂಬುದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ನಡೆಯುವವರಿಗೂ ಹಕ್ಕಿದೆ, ಬೆಳಿಗ್ಗೆ ಏಳಕ್ಕೆ ಒಬ್ಬಳೇ ಆಫೀಸಿನ ಬೀಗ ತೆಗೆಯುವ ಹೆಣ್ಣುಮಗಳಿಗೂ ಹಕ್ಕಿದೆ. ನಾವು ಅವತ್ತು ರಾತ್ರಿ ಶೌಚಾಲಯ ತೆರೆದಿಡಿ, ದೀಪ ಹಾಕಿಸಿ, ವಾಚ್‌ಮನ್ ಇಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅರ್ಜಿ ಬರೆಯುವ ಮೊದಲು ಅಲ್ಲಿ ಮಲಗಿದ್ದವರಲ್ಲಿ ಒಬ್ಬನ ಹತ್ತಿರವಾದರೂ ಎಲ್ಲಿಂದ ಬಂದೆ ಎಂದು ನಾನು ವಿಚಾರಿಸಬಹುದಿತ್ತು. ಆ ಚಾಪೆಗಳಲ್ಲಿ ಒಂದರ ಪಕ್ಕದಲ್ಲಿ ಪುಸ್ತಕವೂ ಇತ್ತೋ ಏನೋ. ನಾನು ನೋಡಿದವನಲ್ಲ. ಮೇಲಿನ ಕಂಬವನ್ನೂ ನೋಡಿರಲಿಲ್ಲ, ಕೆಳಗಿನ ಚಾಪೆಯನ್ನೂ ನೋಡಿರಲಿಲ್ಲ.

ಮುಂದಿನ ಸಲ ನೀವು ಫೋರ್ಟಿಗೆ ಹೋದಾಗ ಒಂದು ಭಾನುವಾರ ಬೆಳಿಗ್ಗೆಯೇ ಹೋಗಿ. ಕ್ರಾಫರ್ಡ್ ಮಾರ್ಕೆಟ್‌ನಿಂದ ಶುರುಮಾಡಿ. ಜೆ.ಜೆ. ಕಲಾಶಾಲೆ, ಅಂಜುಮನ್ ಶಾಲೆ, ಟೈಮ್ಸ್ ಕಟ್ಟಡ, ಕ್ಯಾಪಿಟಲ್ ಸಿನಿಮಾ ದಾಟಿ ಬಲಗಡೆಯ ಕಮಾನುಗಳೊಳಗೆ ಸೇರಿಕೊಳ್ಳಿ. ಸುಮಾರು ಒಂದೂವರೆ ಕಿಲೋಮೀಟರು. ಮೊದಲು ಎದುರು ಬದಿಯ ಫುಟ್‌ಪಾತಿನಿಂದ ಮೇಲಿನ ಮಹಡಿಗಳನ್ನು ನೋಡಿ, ಆಮೇಲೆ ಈ ಬದಿಗೆ ಬಂದು ಕೆಳಗೆ ನಡೆಯಿರಿ. ಕೊನೆಗೆ ಫ್ಲೋರಾ ಫೌಂಟನ್. 1864ರ ಆ ರೋಮನ್ ಹೂದೇವತೆಯ ಪಕ್ಕದಲ್ಲೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹುತಾತ್ಮರ ಸ್ಮಾರಕವಿದೆ. ಅಲ್ಲೂ ಒಂದು ಕ್ಷಣ ನಿಲ್ಲಿ. ನಮಗೆ ಕೆಲಸ ಕೊಟ್ಟು ಇಟ್ಟುಕೊಂಡ ಊರಿನ ಜನ ತಮ್ಮ ಭಾಷೆಗಾಗಿ ಜೀವ ಕೊಟ್ಟ ಜಾಗ ಅದು.

ತಂಗಿಯ ಮಗಳು ಆ ದಿನ ಸಂಜೆಯವರೆಗೂ ಅಳೆದಳು. ಕಮಾನಿನ ಅಗಲ, ಕಂಬದ ಎತ್ತರ, ಮೆಟ್ಟಿಲಿನ ಸವೆತ. ಕೊನೆಗೆ ಹಾಳೆ ಹಿಡಿದುಕೊಂಡು ಕುಂಡಗಳ ಎದುರು ನಿಂತಳು. ಆರರಲ್ಲಿ ನಾಲ್ಕು ಉಳಿದಿವೆ. ಗಿಡಗಳಿಲ್ಲ. ಒಣ ಮಣ್ಣಿನಲ್ಲಿ ಚಹಾದ ಕಾಗದದ ಲೋಟಗಳು.

"ಮಾವ, ಇವು ಮೂಲ ಕಟ್ಟಡದ್ದಲ್ಲ ಅಲ್ಲವಾ? ಬಿಡಲಾ?"

"ಅಲ್ಲ. ಆದರೂ ಬಿಡಿಸು" ಎಂದೆ. "ಪಕ್ಕದಲ್ಲಿ 1997 ಅಂತ ಬರೆ."

ಯಾಕೆ ಎಂದು ಕೇಳಿದಳು. ಹಿಂದಿರುಗುವ ಲೋಕಲಿನಲ್ಲಿ ಅವಳಿಗೆ ಅಜ್ಜನ ಕಥೆ ಹೇಳಿದೆ. ಅರ್ಜಿಯ ಕಥೆಯನ್ನೂ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಕುರ್ಲಾ ದಾಟಿದ ಮೇಲೆ ಹಾಳೆ ತೆಗೆದು, ಕಂಬದ ಕೆಳಗೆ ಗೋಡೆಗೆ ತಾಗಿಕೊಂಡು ಒಂದು ಉದ್ದನೆಯ ಚೌಕ ಎಳೆದು, ಸಣ್ಣ ಅಕ್ಷರದಲ್ಲಿ 'ಚಾಪೆ, 1948' ಎಂದು ಕನ್ನಡದಲ್ಲಿ ಬರೆದಳು.